ಮನಸ್ಸಿನ ಮಾತ್ರೆ, ಕಣ್ಣಿನ ತಕರಾರು

ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳುವವರ ಕಣ್ಣಿನ ತೊಂದರೆಗಳು ಮೂರು ಬಗೆಯವು. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡು, ಪ್ರಮಾಣ ಇಳಿಸಿದರೆ ಅಥವಾ ಔಷಧ ಬದಲಿಸಿದರೆ ಹೊರಟುಹೋಗುವವು ಮೊದಲ ಬಗೆ. ಹತ್ತಿರದ ವಸ್ತು ಮಸುಕಾಗುವುದು, ಕಣ್ಣು ಒಣಗುವುದು ಈ ಗುಂಪಿಗೆ ಸೇರುತ್ತವೆ. ಅಪರೂಪಕ್ಕೆ ಬಂದರೂ ತಕ್ಷಣ ಚಿಕಿತ್ಸೆ ಸಿಗದಿದ್ದರೆ ದೃಷ್ಟಿಯನ್ನೇ ಕಸಿಯಬಲ್ಲವು ಎರಡನೆಯ ಬಗೆ. ನೋವಿಲ್ಲದೆ, ತುರಿಕೆಯಿಲ್ಲದೆ, ಔಷಧ ಮುಂದುವರಿದಂತೆ ಮಸೂರದ ಮೇಲೋ ಅಕ್ಷಿಪಟಲದ (ರೆಟಿನಾ) ಮೇಲೋ ಬೆಳೆಯುವವು ಮೂರನೆಯ ಬಗೆ. ಮೂರನ್ನೂ ಪತ್ತೆಹಚ್ಚಲು ವೈದ್ಯರಿಗೆ ಮೊದಲು ಬೇಕಾಗುವ ಮಾಹಿತಿ ಒಂದೇ: ಯಾವ ಮಾತ್ರೆ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ.

ಕರ್ನಾಟಕ-ತೆಲಂಗಾಣ ಗಡಿಸೀಮೆಯಲ್ಲಿ ಕೈತಪ್ಪುವುದು ಈ ಮಾಹಿತಿಯೇ. ತಾಂಡೂರು ತಾಲೂಕಿನ ಕರಣಕೋಟದಂಥ ಊರನ್ನೇ ತೆಗೆದುಕೊಳ್ಳಬಹುದು. ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆಯಿರುವ ಈ ಊರು ತೆಲಂಗಾಣದ ವಿಕಾರಾಬಾದ್ ಜಿಲ್ಲೆಗೆ ಸೇರಿದ್ದರೂ, ಸ್ವಲ್ಪ ದೂರ ಹೋದರೆ ಕರ್ನಾಟಕ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲೂಕಾಗಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಬೆರೆತ ಈ ಭಾಗದ ಜನ ಇಂದಿಗೂ ದವಾಖಾನೆಗೆ ಎರಡೂ ಕಡೆ ಹೋಗುತ್ತಾರೆ. ಮನೋರೋಗದ ಚೀಟಿ ಹೈದರಾಬಾದಿನ ಎರ್ರಗಡ್ಡ ಆಸ್ಪತ್ರೆಯದೋ ಬೆಂಗಳೂರಿನ ನಿಮ್ಹಾನ್ಸ್‌ನದೋ ಆಗಿರುತ್ತದೆ. ಕಣ್ಣಿಗೆ ಬೀದರ್, ಕಲಬುರಗಿ ಅಥವಾ ಮೆಹದಿಪಟ್ಟಣದ ಸರೋಜಿನಿ ದೇವಿ ಕಣ್ಣಾಸ್ಪತ್ರೆ. ಜ್ವರ, ಮೈಕೈ ನೋವಿಗೆ ಊರಿನ ಆರ್‌ಎಂಪಿ. ಕಣ್ಣಿನ ಡಾಕ್ಟರಿಗೆ ಮನೋರೋಗದ ಚೀಟಿ ಕಾಣುವುದಿಲ್ಲ, ಮನೋವೈದ್ಯರಿಗೆ ಕಣ್ಣಿನ ಪರೀಕ್ಷೆಯ ಫಲಿತಾಂಶ ಸಿಗುವುದಿಲ್ಲ.

ಮಾತ್ರೆಗಳು ಬಂದ ಹಾದಿ

ಮನೋರೋಗಕ್ಕೆ ನಿಜವಾದ ಅರ್ಥದ ಔಷಧ ಸಿಕ್ಕಿದ್ದು 1952ರಲ್ಲಿ. ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ದಿಲೇ ಮತ್ತು ಪಿಯರ್ ದೆನಿಕೆ ಎಂಬ ವೈದ್ಯರು ಕ್ಲೋರ್‌ಪ್ರೊಮಝೀನನ್ನು ಮನೋರೋಗಿಗಳಿಗೆ ಕೊಟ್ಟು ಫಲ ಕಂಡರು. ಆ ದಶಕ ಮುಗಿಯುವುದರೊಳಗೆ ಇಮಿಪ್ರಮಿನ್‌ನಂಥ ಖಿನ್ನತೆಯ ಔಷಧಗಳೂ ಬಂದವು. ಸರಪಳಿ ಬಿಗಿದು ಕೂಡಿಹಾಕಿದ್ದವರು ಮನೆಗೆ ಮರಳುವಂತಾದದ್ದು ಇವುಗಳಿಂದಲೇ.

ಭಾರತದಲ್ಲಿ ಈ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದ ಪ್ರಯೋಗಗಳ ನಡುವೆ ಈ ಸೀಮೆಗೂ ಒಂದು ಜಾಗವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗುವಂತೆ ಮಾಡಿತು. ಆ ‘ಬಳ್ಳಾರಿ ಮಾದರಿ’ಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೊರಟಾಗ, ಮೊದಲು ಆರಿಸಿದ ಕೆಲವೇ ಜಿಲ್ಲೆಗಳಲ್ಲಿ ಮೇದಕ್ ಕೂಡ ಒಂದು. ಜಹೀರಾಬಾದ್, ನಾರಾಯಣಖೇಡ ಆಗ ಮೇದಕ್ ಜಿಲ್ಲೆಯಲ್ಲಿದ್ದವು. ಆ ಕಾಲಕ್ಕೆ ಸರ್ಕಾರಿ ವ್ಯವಸ್ಥೆ ನೆಚ್ಚಿಕೊಂಡಿದ್ದು ಅಗ್ಗದ, ಹಳೆಯ ತಲೆಮಾರಿನ ಔಷಧಗಳನ್ನು. ಆಗ ಮಾತ್ರೆ ಹಿಡಿದು ಇಂದಿಗೂ ಮುಂದುವರಿಸಿರುವವರಿದ್ದರೆ ಅವರ ಕಣ್ಣು ಮೂವತ್ತು ವರ್ಷಗಳ ಔಷಧವನ್ನು ಕಂಡಿರುತ್ತದೆ. ಹಾಗಾಗಿ ದೀರ್ಘಕಾಲದ ಪರಿಣಾಮಗಳ ಮಾತು ಈ ಭಾಗಕ್ಕೆ ದೂರದ್ದೇನಲ್ಲ.

ಹತ್ತಿರದ್ದು ಮಸುಕಾಗುವುದು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಇದು. ಕಣ್ಣಿನ ಪಾಪೆಯನ್ನು ಕಿರಿದು ಮಾಡುವ ಸ್ನಾಯು ಮತ್ತು ಹತ್ತಿರದ್ದನ್ನು ನೋಡುವಾಗ ಮಸೂರ ಉಬ್ಬುವಂತೆ ಮಾಡುವ ಸ್ನಾಯು ಎರಡೂ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕದ ಆಜ್ಞೆಯಲ್ಲಿರುತ್ತವೆ. ಹಲವು ಮನೋರೋಗ ಔಷಧಗಳು ಈ ರಾಸಾಯನಿಕವನ್ನು ತಡೆಯುತ್ತವೆ. ಆಗ ಪಾಪೆ ಅರಳಿ ನಿಲ್ಲುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಮಸೂರ ಉಬ್ಬದೆ ಹತ್ತಿರದ್ದು ಕಲಸಿಹೋಗುತ್ತದೆ. ದೂರದ ಬಸ್ಸಿನ ಬೋರ್ಡು ಓದಲು ಬರುತ್ತದೆ, ಆದರೆ ಮೊರದಲ್ಲಿ ಹರಡಿದ ತೊಗರಿಬೇಳೆಯೊಳಗಿನ ಕಲ್ಲು ಕಾಣುವುದಿಲ್ಲ. ಸೂಜಿಯ ಕಣ್ಣಿಗೆ ದಾರ ಹೋಗುವುದಿಲ್ಲ. ಮೊಬೈಲನ್ನು ಕೈ ಚಾಚಿ ದೂರ ಹಿಡಿಯಬೇಕಾಗುತ್ತದೆ. ನಲವತ್ತು ದಾಟಿದವರಲ್ಲಿ ಇದನ್ನು ವಯಸ್ಸಿನ ದೋಷವೆಂದು ಸುಮ್ಮನಾಗುವುದುಂಟು. ಇಪ್ಪತ್ತೈದರ ಹುಡುಗನಿಗೆ ಹೀಗಾದರೆ ಮೊದಲ ಅನುಮಾನ ಮಾತ್ರೆಯ ಮೇಲೆ ಹೋಗಬೇಕು.

ಅಸಿಟೈಲ್‌ಕೊಲಿನ್ ತಡೆಯುವ ಗುಣ ಹೆಚ್ಚಾಗಿರುವ ಔಷಧಗಳೆಂದರೆ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್, ಕ್ಲೋಮಿಪ್ರಮಿನ್‌ನಂಥ ಹಳೆಯ ಖಿನ್ನತೆ ನಿವಾರಕಗಳು. ಕ್ಲೋರ್‌ಪ್ರೊಮಝೀನ್, ಕ್ಲೋಝಪಿನ್, ಒಲಾಂಝಪಿನ್. ಮತ್ತು ಇವೆಲ್ಲವನ್ನೂ ಮೀರಿಸುವ ಟ್ರೈಹೆಕ್ಸಿಫೆನಿಡಿಲ್. ಈ ಕೊನೆಯದು ಮನೋರೋಗದ ಔಷಧವೇ ಅಲ್ಲ. ಬೇರೆ ಮಾತ್ರೆಗಳಿಂದ ಬರುವ ಕೈನಡುಕ, ಮೈ ಬಿಗಿತ ಹೋಗಲೆಂದು ಜೊತೆಗೆ ಕೊಡುವಂಥದ್ದು. ಭಾರತದಲ್ಲಿ ಇದನ್ನು ರಿಸ್ಪೆರಿಡೋನ್, ಟ್ರೈಫ್ಲೂಪೆರಝೀನ್ ಮೊದಲಾದವುಗಳೊಡನೆ ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವುದು ರೂಢಿ. ಹೀಗಾಗಿ ನುಂಗುವವರಿಗೆ ತಾವು ಎರಡು ಔಷಧ ತೆಗೆದುಕೊಳ್ಳುತ್ತಿದ್ದೇವೆ ಎಂಬುದೇ ತಿಳಿದಿರುವುದಿಲ್ಲ. ನಡುಕ ಬರುವ ಮೊದಲೇ ಎಲ್ಲರಿಗೂ ಇದನ್ನು ಕೊಡುವುದು ಸರಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಹೇಳಿಕೆ 1990ರಲ್ಲೇ ಬಂದಿದೆ. ಕಣ್ಣು ಮಸುಕಾದವರ ಚೀಟಿಯಲ್ಲಿ ಇದು ಇದ್ದರೆ, ಇನ್ನೂ ಬೇಕೇ, ಪ್ರಮಾಣ ಇಳಿಸಬಹುದೇ ಎಂದು ಮನೋವೈದ್ಯರನ್ನು ಕೇಳುವುದು ಮೊದಲ ಹೆಜ್ಜೆ.

ಅಮಿಟ್ರಿಪ್ಟಿಲಿನ್ ಮತ್ತೊಂದು ಬಾಗಿಲಿನಿಂದಲೂ ಒಳಗೆ ಬರುತ್ತದೆ. ಅರೆತಲೆನೋವು, ಸಕ್ಕರೆ ಕಾಯಿಲೆಯವರ ಕಾಲುರಿ, ನಿದ್ರೆ ಬಾರದಿರುವುದು ಇತ್ಯಾದಿಗಳಿಗೆ ಸಾಮಾನ್ಯ ವೈದ್ಯರೂ 10 ಅಥವಾ 25 ಮಿಲಿಗ್ರಾಂ ಪ್ರಮಾಣದಲ್ಲಿ ಬರೆಯುತ್ತಾರೆ. ‘ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತೀರಾ’ ಎಂದರೆ ಇಂಥವರು ಇಲ್ಲವೆನ್ನುತ್ತಾರೆ. ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಮಾತ್ರೆಯ ಪಟ್ಟಿ ತೋರಿಸುವುದು ಭರವಸೆಯ ದಾರಿ.

ಮಸುಕು ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಉಳಿದರೆ ಓದುವ ಕನ್ನಡಕ ನೆರವಾಗುತ್ತದೆ. ಆದರೆ ಔಷಧದ ಪ್ರಮಾಣ ಏರಿಳಿಯುತ್ತಿರುವಾಗ ಕನ್ನಡಕ ಮಾಡಿಸಿದರೆ ಎರಡು ತಿಂಗಳಲ್ಲಿ ಅದು ಹೊಂದದೆ ಹೋಗುತ್ತದೆ. ತೆಲಂಗಾಣ ಸರ್ಕಾರ 2018ರ ಆಗಸ್ಟ್ 15ರಂದು ಆರಂಭಿಸಿ, 2023ರಲ್ಲಿ ಎರಡನೆಯ ಸುತ್ತು ನಡೆಸಿದ ‘ಕಂಟಿ ವೆಲುಗು’ ಶಿಬಿರಗಳಲ್ಲಿ ಹಳ್ಳಿಯ ಜನ ಉಚಿತವಾಗಿ ಕಣ್ಣು ತೋರಿಸಿ ಓದುವ ಕನ್ನಡಕ ಪಡೆದರು. ಇಂಥ ಶಿಬಿರಗಳಲ್ಲಿ ಮಾತ್ರೆಯ ವಿಷಯ ಬಾಯಿಬಿಟ್ಟು ಹೇಳದಿದ್ದರೆ, ಔಷಧದ ಮಸುಕೂ ವಯಸ್ಸಿನ ಮಸುಕಿನ ಲೆಕ್ಕಕ್ಕೆ ಸೇರಿಬಿಡಬಹುದು.

ಕಣ್ಣು ಒಣಗುವುದೂ ಇದೇ ಔಷಧಗಳ ಫಲ. ಬಾಯಿ ಒಣಗಿದವರಿಗೆ ಕಣ್ಣೂ ಒಣಗಿರುವುದುಂಟು. ಮೈ ಬಿಗಿತ ತರುವ ಔಷಧಗಳಿಂದ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ತೊಂದರೆ ಹೆಚ್ಚುತ್ತದೆ. ಫರಸಿ ಕಲ್ಲಿನ ಗಣಿಗಳ ಪುಡಿ, ಸಿಮೆಂಟಿನ ಧೂಳು, ಬೇಸಿಗೆಯ ಒಣಗಾಳಿ ಇರುವ ತಾಂಡೂರು ಸೀಮೆಯಲ್ಲಿ ಉರಿ, ಕೆಂಪು, ಮರಳು ಬಿದ್ದಂಥ ಚುಚ್ಚುವಿಕೆ ಬಂದಾಗ ದೂರು ಧೂಳಿನ ಮೇಲೆಯೇ ಹೋಗುತ್ತದೆ. ಕೃತಕ ಕಣ್ಣೀರಿನ ಹನಿಗಳು ಇದಕ್ಕೆ ಸಾಕಾಗುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಸ್ಟೀರಾಯ್ಡ್ ಹನಿಗಳಾದರೋ ಕಣ್ಣಿನ ಒತ್ತಡ ಏರಿಸಿ, ಪೊರೆ ಬೆಳೆಸಿ ಹೊಸ ಕಾಯಿಲೆ ಅಂಟಿಸುತ್ತವೆ.

ರಾತ್ರೋರಾತ್ರಿ ದವಾಖಾನೆಗೆ ಓಡಬೇಕಾದದ್ದು

ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟಿ, ಕಾರ್ನಿಯಾ ಎಂಬ ಮುಂಭಾಗದ ಪಾರದರ್ಶಕ ಪದರ ಮತ್ತು ಪಾಪೆಯ ಸುತ್ತಲಿನ ಬಣ್ಣದ ಪರದೆ ಸೇರುವ ಮೂಲೆಯಿಂದ ಹೊರಹೋಗುತ್ತಿರುತ್ತದೆ. ಒಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಕೆಲವರಲ್ಲಿ ಆ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಅಂಥವರಿಗೆ ಪಾಪೆ ಅರಳಿಸುವ ಔಷಧ ಕೊಟ್ಟರೆ ಪರದೆ ಮಡಚಿಕೊಂಡು, ಬಚ್ಚಲ ತೂಬಿಗೆ ಬಟ್ಟೆ ಸಿಕ್ಕಿಕೊಂಡಂತೆ ನೀರಿನ ದಾರಿ ಮುಚ್ಚಿಹೋಗುತ್ತದೆ. ಒತ್ತಡ 50ರ ಮೇಲಕ್ಕೂ ಏರಬಹುದು. ಇದೇ ಕೋನ ಮುಚ್ಚುವ ಬಗೆಯ ಗ್ಲಾಕೋಮಾ ಅಥವಾ ಕಾಚಬಿಂದು. ನಲವತ್ತು ದಾಟಿದವರು, ಹೆಂಗಸರು, ದೂರದೃಷ್ಟಿ ದೋಷಕ್ಕೆ ಪ್ಲಸ್ ಕನ್ನಡಕ ಹಾಕುವವರು, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಏಷ್ಯಾದ ಜನರಲ್ಲಿ ಈ ಬಗೆಯ ಗ್ಲಾಕೋಮಾ ಯುರೋಪಿನವರಿಗಿಂತ ಹೆಚ್ಚು.

ಲಕ್ಷಣಗಳು ಕಣ್ಣಿನವೇ ಆದರೂ ಎಷ್ಟೋ ಸಲ ದಾರಿ ತಪ್ಪಿಸುತ್ತವೆ. ಒಂದು ಕಣ್ಣು ಹಠಾತ್ತಾಗಿ ಕೆಂಪಾಗಿ ಸಿಡಿಯುವಂತೆ ನೋಯುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ, ದೃಷ್ಟಿ ಮಂಜಾಗುತ್ತದೆ. ಅದರ ಜೊತೆಗೇ ಅರ್ಧ ತಲೆ ಒಡೆಯುವಂಥ ನೋವು, ವಾಂತಿ. ವಾಂತಿಯನ್ನು ಕಂಡವರು ಪಿತ್ತವೆಂದೋ ಗ್ಯಾಸ್ಟ್ರಿಕ್ ಎಂದೋ ಭಾವಿಸಿ ಇಂಜೆಕ್ಷನ್ ಕೊಡಿಸಿ ಮಲಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಕಣ್ಣಿನ ನರಕ್ಕೆ ಆದ ಹಾನಿ ಹಿಂದಿರುಗದಂತಾಗಿರಬಹುದು. ಮಾನಸಿಕ ಕಾಯಿಲೆಯವರು ನೋವೆಂದರೆ ಮನೆಯವರು ನಂಬದಿರುವುದೂ ತಡವಾಗಲು ಒಂದು ಕಾರಣ. ಸಮಯಕ್ಕೆ ಹೋದರೆ ಒತ್ತಡ ಇಳಿಸುವ ಔಷಧ ಕೊಟ್ಟು, ಲೇಸರಿನಿಂದ ಪರದೆಯಲ್ಲಿ ಸಣ್ಣ ಕಿಂಡಿ ಕೊರೆದರೆ ನೀರಿಗೆ ಬೇರೆ ದಾರಿ ಸಿಗುತ್ತದೆ. ಕೋನ ಇಕ್ಕಟ್ಟಾಗಿದೆಯೆಂದು ಮೊದಲೇ ಗೊತ್ತಾದರೆ ಇದೇ ಲೇಸರನ್ನು ಮುಂಜಾಗ್ರತೆಯಾಗಿ ಮಾಡಿಸಿಕೊಳ್ಳಬಹುದು.

ಔಷಧದ ಡಬ್ಬಿಯೊಳಗಿನ ಹಾಳೆಯಲ್ಲಿ ‘ಗ್ಲಾಕೋಮಾ ಇರುವವರು ಬಳಸಬಾರದು’ ಎಂದಿರುವುದನ್ನು ಓದಿ ಗಾಬರಿಯಾಗುವವರಿದ್ದಾರೆ. ಆ ಎಚ್ಚರಿಕೆ ಮುಖ್ಯವಾಗಿ ಕೋನ ಇಕ್ಕಟ್ಟಾದವರಿಗೆ. ಕೋನ ತೆರೆದೇ ಇರುವ ಇನ್ನೊಂದು ಬಗೆಯ ಗ್ಲಾಕೋಮಾಕ್ಕೆ ಹನಿ ಹಾಕಿಕೊಂಡು ಒತ್ತಡ ಹತೋಟಿಯಲ್ಲಿಟ್ಟುಕೊಂಡವರು ಕಣ್ಣಿನ ವೈದ್ಯರ ನಿಗಾದಲ್ಲಿ ಇವನ್ನು ತೆಗೆದುಕೊಳ್ಳಬಹುದು.

ಟೋಪಿರಮೇಟ್ ಎಂಬ ಔಷಧದ ರೀತಿಯೇ ಬೇರೆ. ಅರೆತಲೆನೋವು, ಮೂರ್ಛೆ ರೋಗಕ್ಕಲ್ಲದೆ ಕುಡಿತ ಬಿಡಿಸಲು, ಮನೋರೋಗದ ಮಾತ್ರೆಗಳಿಂದ ಏರಿದ ತೂಕ ಇಳಿಸಲು ಮನೋವೈದ್ಯರು ಇದನ್ನು ಕೊಡುತ್ತಾರೆ. ಅಪರೂಪಕ್ಕೆ ಇದು ಕಣ್ಣಿನ ಒಳಪದರಗಳಲ್ಲಿ ನೀರು ತುಂಬಿಸಿ ಮಸೂರವನ್ನು ಮುಂದಕ್ಕೆ ತಳ್ಳುತ್ತದೆ. ಎರಡೂ ಕಣ್ಣಿಗೆ ಒಮ್ಮೆಲೇ ದೂರದ್ದು ಕಾಣದಾಗುತ್ತದೆ, ಒತ್ತಡ ಏರುತ್ತದೆ. ಸಾಮಾನ್ಯವಾಗಿ ಔಷಧ ಶುರುವಾದ ಮೊದಲ ತಿಂಗಳೊಳಗೇ ಹೀಗಾಗುತ್ತದೆ. ಇಲ್ಲಿ ಲೇಸರ್ ಉಪಯೋಗವಿಲ್ಲ. ಆ ಔಷಧ ನಿಲ್ಲಿಸುವುದೇ ಚಿಕಿತ್ಸೆ. ಮಾತ್ರೆಯ ಹೆಸರು ಗೊತ್ತಿಲ್ಲದೆ ಕಣ್ಣಿನ ವೈದ್ಯರು ಸರಿಯಾದ ಚಿಕಿತ್ಸೆ ಆರಿಸಲಾಗದ ಸ್ಪಷ್ಟ ಉದಾಹರಣೆ ಇದು.

ಮೇಲಕ್ಕೆ ಸಿಕ್ಕಿಕೊಂಡ ಕಣ್ಣುಗುಡ್ಡೆ

ಹ್ಯಾಲೊಪೆರಿಡಾಲ್‌ನಂಥ ಔಷಧ ಶುರುವಾದ ಅಥವಾ ಪ್ರಮಾಣ ಏರಿಸಿದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಹುಡುಗರಲ್ಲಿ, ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುವುದುಂಟು. ಬಿಳಿಗುಡ್ಡೆ ಮಾತ್ರ ಕಾಣುತ್ತದೆ, ಕತ್ತು ಹಿಂದಕ್ಕೋ ಪಕ್ಕಕ್ಕೋ ತಿರುಚಿಕೊಳ್ಳುತ್ತದೆ, ಬಾಯಿ ಬಿಗಿಯುತ್ತದೆ, ನಾಲಿಗೆ ಹೊರಚಾಚಬಹುದು. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಕಣ್ಣು ಕೆಳಗಿಳಿಸಲು ಮಾತ್ರ ಆಗುವುದಿಲ್ಲ. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಇದು ನಡೆಯುತ್ತದೆ. ಮೊದಲೇ ‘ತಲೆ ಕೆಟ್ಟವ’ ಎನಿಸಿಕೊಂಡವನ ಕಣ್ಣು ಹೀಗೆ ತಿರುಗಿದರೆ ‘ಗಾಳಿ ಬಡಿದಿದೆ’ ಎಂದು ತಾಯತ ಕಟ್ಟಿಸಲು, ದರ್ಗಾಕ್ಕೋ ಗುಡಿಗೋ ಕರೆದೊಯ್ಯಲು ಮನೆಯವರು ಹೊರಡುತ್ತಾರೆ. ಮೂರ್ಛೆ ರೋಗವೆಂದು ಕೈಯಲ್ಲಿ ಕಬ್ಬಿಣ ಹಿಡಿಸುವವರೂ ಇದ್ದಾರೆ.

ಇದು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸ ಒಮ್ಮೆಲೇ ತಗ್ಗಿದ್ದರಿಂದ ಆದ ಸ್ನಾಯುಗಳ ಸೆಳೆತ. ಪ್ರಾಮೆಥಝೀನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕಣ್ಣು ಇಳಿಯುತ್ತದೆ. ತಾಲೂಕು ದವಾಖಾನೆಯಲ್ಲೂ ಆಗುವ ಚಿಕಿತ್ಸೆ ಇದು. ಸೆಳೆತ ಬಂದು ಹೋಗುವಂಥದ್ದಾಗಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ವೈದ್ಯರಿಗೆ ತೋರಿಸುವುದು ಬಹಳ ಉಪಯುಕ್ತ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್‌ನಿಂದಲೂ ಇದೇ ಸ್ಥಿತಿ ಬರಬಲ್ಲದಾದ್ದರಿಂದ, ಮಾನಸಿಕ ಕಾಯಿಲೆಯೇ ಇಲ್ಲದವರಲ್ಲೂ ಇದು ಕಾಣುತ್ತದೆ.

ರೆಪ್ಪೆಯ ತೊಂದರೆ ಬರುವುದು ತಡವಾಗಿ, ಔಷಧ ತೆಗೆದುಕೊಂಡು ವರ್ಷಗಳಾದ ಮೇಲೆ. ಮೊದಮೊದಲು ಮಿಟುಕಿಸುವುದು ಹೆಚ್ಚಾಗುತ್ತದೆ. ಆಮೇಲೆ ಬಿಸಿಲಿಗೆ ಹೋದಾಗ, ರಸ್ತೆ ದಾಟುವಾಗ ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ದೃಷ್ಟಿ ಚೆನ್ನಾಗಿದ್ದರೂ ಕಣ್ಣು ತೆರೆಯಲಾಗದೆ ಕುರುಡರಂತೆ ನಡೆಯಬೇಕಾಗುತ್ತದೆ. ಇದರ ಜೊತೆಗೆ ತುಟಿ, ನಾಲಿಗೆ, ದವಡೆ ತಮ್ಮಷ್ಟಕ್ಕೆ ಆಡುತ್ತಿದ್ದರೆ ಅದು ಔಷಧದ ತಡವಾದ ಪರಿಣಾಮವೆಂಬ ಅನುಮಾನ ಗಟ್ಟಿಯಾಗುತ್ತದೆ. ಹನಿಗಳಿಂದ ಇದು ಹೋಗುವುದಿಲ್ಲ. ಔಷಧ ಬದಲಿಸುವುದು, ರೆಪ್ಪೆಯ ಸ್ನಾಯುವಿಗೆ ಬೊಟುಲಿನಂ ಇಂಜೆಕ್ಷನ್ ಕೊಡಿಸುವುದು ದಾರಿಗಳು. ಒಂದು ಇಂಜೆಕ್ಷನ್‌ನ ಫಲ ಸುಮಾರು ಮೂರು ತಿಂಗಳು ಇರುತ್ತದೆ.

ಮಸೂರದ ಮೇಲಿನ ನಕ್ಷತ್ರ

1964ರಲ್ಲಿ ಕೆನಡಾದ ವೈದ್ಯರಾದ ಗ್ರೀನರ್ ಮತ್ತು ಬೆರಿ, ಕ್ಲೋರ್‌ಪ್ರೊಮಝೀನನ್ನು ವರ್ಷಗಟ್ಟಲೆ ತೆಗೆದುಕೊಂಡವರ ಚರ್ಮ ಬಿಸಿಲು ಬೀಳುವ ಕಡೆ ಬೂದು-ನೇರಳೆ ಬಣ್ಣಕ್ಕೆ ತಿರುಗುವುದನ್ನೂ, ಅವರ ಕಾರ್ನಿಯಾ ಮತ್ತು ಮಸೂರದಲ್ಲಿ ಕಲೆಗಳು ಕೂಡಿಕೊಳ್ಳುವುದನ್ನೂ ವರದಿ ಮಾಡಿದರು. ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಸಣ್ಣ ಬೆಳಕಿನ ಸೀಳಿನಲ್ಲಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಪಾಪೆಯ ನೇರಕ್ಕೆ, ಮಸೂರದ ಮುಂಭಾಗದಲ್ಲಿ ಹಳದಿ-ಕಂದು ಬಣ್ಣದ ಅತಿ ಸಣ್ಣ ಚುಕ್ಕೆಗಳು ಮೊದಲು ಚದುರಿಕೊಂಡಿರುತ್ತವೆ. ವರ್ಷಗಳು ಕಳೆದಂತೆ ಅವು ಒತ್ತಾಗಿ, ನಡುವಿನಿಂದ ಹೊರಕ್ಕೆ ಕಿರಣ ಚಾಚಿದ ನಕ್ಷತ್ರದ ಆಕಾರ ತಾಳುತ್ತವೆ. ಕಾರ್ನಿಯಾದ ಒಳಮೈಯಲ್ಲಿ ರೆಪ್ಪೆಗಳ ನಡುವೆ ತೆರೆದಿರುವ ಪಟ್ಟಿಯಲ್ಲಿ, ಅಂದರೆ ಬೆಳಕು ಬೀಳುವ ಜಾಗದಲ್ಲಿ, ಕಲೆ ಹೆಚ್ಚು. ಔಷಧ ಮತ್ತು ಬಿಸಿಲು ಸೇರಿ ಮಾಡುವ ಕೆಲಸ ಇದೆಂದು ನಂಬಲು ಇದೇ ಆಧಾರ.

ಇದರ ಲೆಕ್ಕ ದಿನದ ಪ್ರಮಾಣಕ್ಕಿಂತ ಒಟ್ಟು ನುಂಗಿದ ಪ್ರಮಾಣದ ಮೇಲಿದೆ. ಒಟ್ಟು 500 ಗ್ರಾಂ ದಾಟಿದ ಮೇಲೆ ಕಲೆಗಳು ಕಾಣುವ ಸಂಭವ ಹೆಚ್ಚುತ್ತದೆ. ದಿನಕ್ಕೆ 300 ಮಿಲಿಗ್ರಾಂ ನುಂಗುವವರು ವರ್ಷಕ್ಕೆ ಸುಮಾರು 110 ಗ್ರಾಂ ನುಂಗಿದಂತಾಗುತ್ತದೆ. ಆ ಗಡಿ ಮುಟ್ಟಲು ಅವರಿಗೆ ನಾಲ್ಕೂವರೆ ವರ್ಷ ಸಾಕು. ದಿನಕ್ಕೆ 100 ಮಿಲಿಗ್ರಾಂ ಆದರೆ ಹದಿಮೂರು-ಹದಿನಾಲ್ಕು ವರ್ಷ. ‘ಎಷ್ಟು ವರ್ಷದಿಂದ’ ಎಂಬ ಪ್ರಶ್ನೆಗೆ ಉತ್ತರ ಬೇಕಾಗುವುದು ಇಲ್ಲಿ. ಸಮಾಧಾನದ ವಿಷಯವೆಂದರೆ ಈ ಕಲೆಗಳು ಸಾಮಾನ್ಯವಾಗಿ ದೃಷ್ಟಿಯನ್ನು ಹೆಚ್ಚು ಕೆಡಿಸುವುದಿಲ್ಲ; ಬೆಳಕು ಚದುರಿದಂತೆ, ದೀಪಗಳ ಸುತ್ತ ಹೊಗೆಯಿದ್ದಂತೆ ಕೆಲವರಿಗೆ ಅನಿಸಬಹುದು. ಔಷಧ ನಿಲ್ಲಿಸಿದರೂ ಮಸೂರದ ಕಲೆ ಹಾಗೇ ಉಳಿಯುವುದೇ ಹೆಚ್ಚು. ಗಣಿಯಲ್ಲಿ, ತೊಗರಿ ಹೊಲದಲ್ಲಿ ದಿನವಿಡೀ ಬಿಸಿಲಿಗೆ ಒಡ್ಡಿಕೊಳ್ಳುವವರು ಈ ಔಷಧದಲ್ಲಿದ್ದರೆ ರುಮಾಲು ಅಥವಾ ಅಗಲ ಅಂಚಿನ ಟೋಪಿ, ಅತಿನೇರಳೆ ಕಿರಣ ತಡೆಯುವ ತಂಪು ಕನ್ನಡಕ ಬಳಸುವುದು ಒಳ್ಳೆಯದು.

ಇದೇ ಕುಟುಂಬದ ಥಯೊರಿಡಝೀನ್ ಹಾನಿ ಮಾಡಿದ್ದು ಅಕ್ಷಿಪಟಲಕ್ಕೆ. ದಿನಕ್ಕೆ 800 ಮಿಲಿಗ್ರಾಂ ಮೀರಿ ಕೊಟ್ಟಾಗ ಕೆಲವೇ ವಾರ, ತಿಂಗಳುಗಳಲ್ಲಿ ಇರುಳುಗುರುಡು, ಕಂದು ಛಾಯೆಯ ದೃಷ್ಟಿ, ಮಸುಕು ಕಾಣಿಸಿಕೊಂಡು, ಅಕ್ಷಿಪಟಲದಲ್ಲಿ ಬಣ್ಣದ ಕಣಗಳು ಗುಡ್ಡೆಗಟ್ಟಿದವು. ಔಷಧ ನಿಲ್ಲಿಸಿದ ಮೇಲೂ ಕೆಲವರಲ್ಲಿ ಹಾನಿ ಮುಂದುವರಿಯಿತು. ಹೃದಯದ ಲಯ ಕೆಡಿಸುವ ದೋಷವೂ ಸೇರಿ, ಮೂಲ ತಯಾರಕರು 2005ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡರು.

ಹೊಸ ಔಷಧಗಳ ಪೈಕಿ ಅನುಮಾನಕ್ಕೆ ಒಳಗಾದದ್ದು ಕ್ವೆಟಯಪಿನ್. ನಾಯಿಗಳ ಮೇಲಿನ ಪ್ರಯೋಗದಲ್ಲಿ ಪೊರೆ ಕಂಡಿದ್ದರಿಂದ, 1997ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಾಗ ಆರು ತಿಂಗಳಿಗೊಮ್ಮೆ ಮಸೂರದ ಪರೀಕ್ಷೆ ಮಾಡಿಸಬೇಕೆಂಬ ಸೂಚನೆ ಸೇರಿತು. ಮನುಷ್ಯರಲ್ಲಿ ಎರಡು ವರ್ಷ ನಡೆಸಿ 2015ರಲ್ಲಿ ಪ್ರಕಟಿಸಿದ ಹೋಲಿಕೆ ಅಧ್ಯಯನದಲ್ಲಿ ರಿಸ್ಪೆರಿಡೋನ್‌ಗಿಂತ ಹೆಚ್ಚಿನ ಪೊರೆಯ ಅಪಾಯ ಕಂಡುಬರಲಿಲ್ಲ. ಮಾನಸಿಕ ಕಾಯಿಲೆಯವರಲ್ಲಿ ಬೇಗ ಪೊರೆ ಬರಲು ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ಬಿಸಿಲು ಕೂಡ ಕಾರಣಗಳಾಗಿರುವುದರಿಂದ ತಪ್ಪನ್ನೆಲ್ಲ ಮಾತ್ರೆಯ ಮೇಲೆ ಹೊರಿಸಲಾಗದು.

ಲಿಥಿಯಂ, ಬೇಸಿಗೆ, ಕಳ್ಳು

ಉನ್ಮಾದ-ಖಿನ್ನತೆಗೆ ಕೊಡುವ ಲಿಥಿಯಂ ಬಹಳ ಇಕ್ಕಟ್ಟಾದ ಪ್ರಮಾಣದಲ್ಲಿ ಕೆಲಸ ಮಾಡುವ ಔಷಧ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ವಿಷದ ಲಕ್ಷಣ ಶುರು. ಒಂದು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ತನ್ನಷ್ಟಕ್ಕೆ ಅದುರುವುದು, ಕೈ ದೊಡ್ಡದಾಗಿ ನಡುಗುವುದು, ತೊದಲುವುದು, ತೂರಾಡುವುದು, ಭೇದಿ ಇವೆಲ್ಲ ಒಟ್ಟಿಗೆ ಬಂದರೆ ಅದೇ ದಿನ ದವಾಖಾನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಬೆವರಿ ಮೈಯ ನೀರು, ಉಪ್ಪು ಇಳಿದಾಗ ಅದೇ ಪ್ರಮಾಣದ ಮಾತ್ರೆಯಿಂದಲೂ ಮಟ್ಟ ಏರುತ್ತದೆ. ಸೊಂಟನೋವಿಗೆ ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೊಫಿನಾಕ್, ಐಬುಪ್ರೊಫೆನ್, ಕೆಲವು ಬಿಪಿ ಮಾತ್ರೆಗಳೂ ಅದನ್ನು ಏರಿಸುತ್ತವೆ. ಕಲ್ಲು ಹೊರುವವರಿಗೆ ನೋವಿನ ಮಾತ್ರೆ ಊಟದಷ್ಟೇ ಸಾಮಾನ್ಯವಾಗಿರುವ ಕಡೆ ಇದು ಮರೆಯಬಾರದ ವಿಷಯ.

ಲಿಥಿಯಂ ಮಟ್ಟ ಸರಿಯಿದ್ದಾಗಲೂ ಕೆಲವರಲ್ಲಿ ಕಣ್ಣುಗುಡ್ಡೆ ಮೆಲ್ಲಗೆ ಮೇಲೇರಿ, ಕೆಳಕ್ಕೆ ಎಳೆದಂತೆ ಅದುರುತ್ತದೆ. ಓದುವಾಗ ಸಾಲುಗಳು ಕುಣಿಯುತ್ತವೆ, ಮೆಟ್ಟಿಲಿಳಿಯಲು ಭಯವಾಗುತ್ತದೆ. ಕೆಲವರಲ್ಲಿ ಇದು ಲಿಥಿಯಂ ಬಿಟ್ಟ ಮೇಲೂ ಉಳಿಯುವುದರಿಂದ ಬೇಗ ಗುರುತಿಸುವುದು ಅಗತ್ಯ. ಥೈರಾಯ್ಡ್ ಕೆಟ್ಟು ಕಣ್ಣು ಹೊರಚಾಚುವುದು, ಅಪರೂಪಕ್ಕೆ ತಲೆಬುರುಡೆಯೊಳಗಿನ ಒತ್ತಡ ಏರಿ ಬೆಳಗಿನ ತಲೆನೋವು, ಬಗ್ಗಿ ಎದ್ದಾಗ ಕಣ್ಣು ಕತ್ತಲಿಡುವುದು ಕೂಡ ಲಿಥಿಯಂನಿಂದ ಆಗಬಲ್ಲವು. ಕಾರ್ಬಮಝೆಪಿನ್ ಪ್ರಮಾಣ ಹೆಚ್ಚಾದಾಗಲೂ ಒಂದು ಎರಡಾಗಿ ಕಾಣುತ್ತದೆ; ಪ್ರಮಾಣ ತಗ್ಗಿಸಿದರೆ ಸರಿಹೋಗುತ್ತದೆ.

ನಿದ್ರೆ, ಆತಂಕಕ್ಕೆ ಕೊಡುವ ಅಲ್ಪ್ರಝೋಲಾಮ್, ಡಯಾಝೆಪಾಮ್‌ಗಳಿಂದ ಕಣ್ಣು ಮಂಜಾಗುವುದು, ಎರಡಾಗಿ ಕಾಣುವುದು ಉಂಟು. ತೆಲಂಗಾಣದಲ್ಲಿ ಇವು ಚೀಟಿಯಿಲ್ಲದೆಯೂ ಮೈ ಸೇರುತ್ತವೆ, ಏಕೆಂದರೆ ಕಲಬೆರಕೆ ಕಳ್ಳಿಗೆ ಅಲ್ಪ್ರಝೋಲಾಮ್ ಬೆರೆಸುವ ದಂಧೆ ಹಳೆಯದು. 2015ರಲ್ಲಿ ಸರ್ಕಾರ ಅದರ ಮೇಲೆ ಬಿಗಿ ಮಾಡಿದಾಗ, ಚಟ ಹತ್ತಿದ್ದವರು ಕಳ್ಳು ಸಿಗದೆ ನಡುಕ, ಭ್ರಮೆಗಳಿಂದ ನರಳಿ ಆಸ್ಪತ್ರೆಗಳಿಗೆ ಬಂದರು. ಮನೋರೋಗದ ಮಾತ್ರೆಯ ಜೊತೆ ಇಂಥ ಕಳ್ಳು ಸೇರಿದರೆ ಮಂಪರು, ಮಂಜು ಎರಡೂ ಇಮ್ಮಡಿಸುತ್ತವೆ. ವೈದ್ಯರ ಮುಂದೆ ಕಳ್ಳಿನ ಮಾತು ಮುಚ್ಚಿಟ್ಟರೆ ತಪ್ಪೆಲ್ಲ ಮಾತ್ರೆಯ ತಲೆಗೆ ಬರುತ್ತದೆ.

ಸಕ್ಕರೆ ಕಾಯಿಲೆಯ ಸುತ್ತುದಾರಿ

ಇಂದು ಹೆಚ್ಚು ಬಳಕೆಯಲ್ಲಿರುವ ಒಲಾಂಝಪಿನ್, ಕ್ಲೋಝಪಿನ್ ಮೊದಲಾದವುಗಳು ಕಣ್ಣಿಗೆ ಮಾಡಬಲ್ಲ ದೊಡ್ಡ ಹಾನಿ ನೇರವಾದದ್ದಲ್ಲ. ಇವು ಹಸಿವು, ತೂಕ ಹೆಚ್ಚಿಸಿ ಸಕ್ಕರೆ ಕಾಯಿಲೆ ತರಬಲ್ಲವು. ಹತೋಟಿ ತಪ್ಪಿದ ಸಕ್ಕರೆ ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸುತ್ತದೆ. ದೃಷ್ಟಿ ಕುಂದುವ ಹೊತ್ತಿಗೆ ರೋಗ ಬಲಿತಿರುತ್ತದೆ. ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲಿ ಸೇರಿ ಕೊಟ್ಟ ಸಲಹೆಯಂತೆ, ಇಂಥ ಔಷಧ ಶುರು ಮಾಡುವಾಗ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಆಗಬೇಕು. ಸಕ್ಕರೆ ಕಾಯಿಲೆ ಖಚಿತವಾದವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಬೇಕು.

ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ

ಶಿಬಿರಗಳಲ್ಲಿ ಪೊರೆ ತೆಗೆಸಿಕೊಳ್ಳುವ ಹಿರಿಯರು ಹೇಳಲೇಬೇಕಾದ ಒಂದು ಸಂಗತಿಯಿದೆ. ರಿಸ್ಪೆರಿಡೋನ್, ಪ್ಯಾಲಿಪೆರಿಡೋನ್, ಕ್ಲೋರ್‌ಪ್ರೊಮಝೀನ್ ತೆಗೆದುಕೊಳ್ಳುವ ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ಪಾಪೆಯ ಪರದೆ ಜೋಲಾಗಿ ಅಲೆಯಾಡುತ್ತದೆ, ಪಾಪೆ ಕಿರಿದಾಗಿಬಿಡುತ್ತದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್‌ನಿಂದಲೂ ಹೀಗಾಗುತ್ತದೆ. ಮೊದಲೇ ತಿಳಿದಿದ್ದರೆ ಸರ್ಜನ್ ಅದಕ್ಕೆ ತಕ್ಕ ಔಷಧ, ಉಪಕರಣ ಸಿದ್ಧಮಾಡಿಕೊಳ್ಳುತ್ತಾರೆ. ಇದಕ್ಕಾಗಿ ಮನೋರೋಗದ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೂ ಈ ತೊಂದರೆ ತಪ್ಪುವ ಖಾತರಿಯಿಲ್ಲ, ಕಾಯಿಲೆ ಮರುಕಳಿಸುವುದು ಮಾತ್ರ ಆಗಬಹುದು.

ನಿಲ್ಲಿಸುವ ಮೊದಲು

ಕಣ್ಣು ಮಸುಕಾದ ಕೂಡಲೇ ಮಾತ್ರೆ ಬಿಟ್ಟುಬಿಡುವುದು ಎಲ್ಲಕ್ಕಿಂತ ಹೆಚ್ಚು ನಡೆಯುವ, ಹೆಚ್ಚು ಹಾನಿ ಮಾಡುವ ತಪ್ಪು. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆ ಹೊತ್ತಿಗೆ ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗಳಿಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಹೇಗೋ ಚಿಕಿತ್ಸೆಗೆ ಬಂದವರು ಕಣ್ಣಿನ ಹೆದರಿಕೆಯಿಂದ ಮಾತ್ರೆ ಬಿಟ್ಟರೆ ಅವರೂ ಆ ಲೆಕ್ಕಕ್ಕೇ ಸೇರುತ್ತಾರೆ. ಮಾತ್ರೆ ಬದಲಿಸುವುದು, ಇಳಿಸುವುದು ಮನೋವೈದ್ಯರ ಕೈಯಲ್ಲಿ ಹಂತಹಂತವಾಗಿ ಆಗಬೇಕು. ಕೆಂಪು ಕಣ್ಣು, ಸಿಡಿಯುವ ನೋವು, ವಾಂತಿ ಒಟ್ಟಿಗೆ ಬಂದಾಗ ಮಾತ್ರ ಮೊದಲು ಕಣ್ಣಿನ ಆಸ್ಪತ್ರೆ. ಆಮೇಲೆ ಉಳಿದ ಮಾತು.

ಉಳಿದಂತೆ ಕ್ರಮ ಸರಳ. ಔಷಧ ಶುರು ಮಾಡುವಾಗ ಒಮ್ಮೆ ದೂರದ, ಹತ್ತಿರದ ದೃಷ್ಟಿ ಪರೀಕ್ಷೆ; ನಲವತ್ತು ದಾಟಿದವರಿಗೆ ಅಥವಾ ಪ್ಲಸ್ ಕನ್ನಡಕದವರಿಗೆ ಕಣ್ಣಿನ ಒತ್ತಡ ಮತ್ತು ಕೋನದ ಪರೀಕ್ಷೆ. ಕ್ಲೋರ್‌ಪ್ರೊಮಝೀನ್ ಕುಟುಂಬದ ಔಷಧವನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ವರ್ಷಕ್ಕೊಮ್ಮೆ ಸ್ಲಿಟ್ ಲ್ಯಾಂಪಿನಲ್ಲಿ ಮಸೂರ ಮತ್ತು ಪಾಪೆ ಅರಳಿಸಿ ಅಕ್ಷಿಪಟಲ ನೋಡಿಸುವುದು. ಲಿಥಿಯಂನವರಿಗೆ ನಿಯಮಿತವಾಗಿ ರಕ್ತದ ಮಟ್ಟ, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ.

ಇವೆಲ್ಲಕ್ಕೂ ಆಧಾರವಾಗಿ ಮನೆಯಲ್ಲಿ ಒಂದು ಪುಸ್ತಕವಿರಬೇಕು. ಮಾತ್ರೆಯ ರಾಸಾಯನಿಕ ಹೆಸರು, ಪ್ರಮಾಣ, ಶುರುವಾದ ಮತ್ತು ಬದಲಾದ ತಿಂಗಳು, ಕಣ್ಣಿನ ಪರೀಕ್ಷೆಯ ಫಲಿತಾಂಶ ಅದರಲ್ಲಿ ಬರೆದಿಟ್ಟು, ಖಾಲಿ ಮಾತ್ರೆ ಪಟ್ಟಿಯನ್ನೂ ಅದರೊಳಗಿಟ್ಟುಕೊಂಡರೆ ಕಲಬುರಗಿಯಲ್ಲಾದರೂ ಹೈದರಾಬಾದಿನಲ್ಲಾದರೂ ವೈದ್ಯರಿಗೆ ಭಾಷೆಯ ತೊಡಕಿಲ್ಲದೆ ವಿಷಯ ತಿಳಿಯುತ್ತದೆ. ಕಂಪನಿ ಬದಲಾದಂತೆ ಬ್ರ್ಯಾಂಡಿನ ಹೆಸರು ಬದಲಾಗುವುದರಿಂದ ರಾಸಾಯನಿಕ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ನಕಲು ಮಾಡಿಕೊಳ್ಳುವುದು ಲೇಸು. ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡ, ತೆಲುಗು ಎರಡರಲ್ಲೂ ಸಲಹೆ ಕೇಳಬಹುದು. ಔಷಧದಿಂದಲೇ ಕಣ್ಣಿಗೆ ತೊಂದರೆಯಾಯಿತೆಂಬ ಅನುಮಾನವಿದ್ದರೆ, ಗಾಝಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ನಡೆಸುವ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯಾಗಲಿ ಮನೆಯವರಾಗಲಿ ನೇರವಾಗಿ ತಿಳಿಸಬಹುದು.